ಅತ್ತೆಯ ಎಡೆಗೊಂದು ಬಿಯರ್

ಹೋದ ವಾರ ನಾನು ಜೀವಮಾನದಲ್ಲೇ ಮೊದಲ ಸಲ ವೈನ್ ಸ್ಟೋರ್ ಮೆಟ್ಟಿಲು ಹತ್ತಿದೆ. ಶಿರಾದಲ್ಲಿ, ಹಾಡಹಗಲೇ. ಮೈಮೇಲೆ ರೇಷ್ಮೆ ಸೀರೆ, ಮುಡಿಯಲ್ಲಿ ಕನಕಾಂಬರ. ಅಂಗಡಿ ಮುಂದೆ ನಿಂತಿದ್ದ ಗಂಡಸರೆಲ್ಲ ಒಟ್ಟಿಗೆ ತಿರುಗಿ ನೋಡಿದರು. ಅವರಲ್ಲೊಬ್ಬರು ಹಿರಿಯರು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು. (ಯಾಕೋ ಗೊತ್ತಿಲ್ಲ. ನಾನೇನು ಗಂಡು ನೋಡಲು ಹೋಗಿದ್ದೆನೆ?)

ನಿಮ್ಮ ಯಜಮಾನರು ಎಲ್ಲಿದ್ದರು ಅಂತ ಕೇಳುತ್ತೀರಿ ತಾನೇ? ರಸ್ತೆಯ ಆ ಬದಿ ಸ್ಕೂಟರಿನ ಮೇಲೆ ಕೂತಿದ್ದರು. ಹೆಲ್ಮೆಟ್ ಕೂಡ ತೆಗೆದಿರಲಿಲ್ಲ. ಯಾರಿಗೂ ಗುರುತು ಸಿಗಬಾರದಂತೆ.

ಒಂದು ಬಿಯರ್ ಕೊಡಪ್ಪಾ ಅಂದೆ. ಕೌಂಟರಿನ ಹುಡುಗ ಸ್ಟ್ರಾಂಗಾ ಮೈಲ್ಡಾ ಎಂದು ಕೇಳಿದ. ಒಳ್ಳೇ ಪೇಚಾಟ. ಕೊರಟಗೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು. ಯೀಸ್ಟ್ ಏನು ಮಾಡುತ್ತದೆ, ಹುದುಗು ಹೇಗೆ ಬರುತ್ತದೆ ಅಂತ ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಈ ಪ್ರಶ್ನೆ ಮಾತ್ರ ಸಿಲಬಸ್ಸಿನಲ್ಲಿ ಇರಲಿಲ್ಲ.

ನನಗಲ್ಲಪ್ಪ, ನಮ್ಮತ್ತೆಗೆ, ವಯಸ್ಸಾದವರು ಅಂದೆ. ಅವನು ನನ್ನ ಹಿಂದೆ ಇಣುಕಿ ನೋಡಿದ. ಅವರೂ ಬಂದಿದ್ದರೆ ಅವರನ್ನೇ ಕೇಳಬಹುದಿತ್ತು ಎಂದ.

"ಇಲ್ಲಪ್ಪ. ತೀರಿಕೊಂಡಿದ್ದಾರೆ."

ಹುಡುಗ ಫ್ರಿಜ್ಜಿನ ಬಾಗಿಲು ಹಿಡಿದುಕೊಂಡು ಹಾಗೇ ನಿಂತ. ಆಗ ಟವೆಲಿನ ಹಿರಿಯರಿಗೆ ಹೊಳೆಯಿತು.

"ಹಿರೇರ ಹಬ್ಬುಕ್ಕೆ ಕಣ್ರಲಾ. ಎಡೆಗೆ. ದಾರಿ ಬುಡ್ರಿ ಆಯಮ್ಮಂಗೆ."

ನೋಡಬೇಕಿತ್ತು ನೀವು ಆಮೇಲಿನ ಮರ್ಯಾದೆಯನ್ನು. ಗುಂಪು ಎರಡು ಭಾಗವಾಗಿ ನನಗೆ ದಾರಿ ಬಿಟ್ಟಿತು. ಅಜ್ಜಿಗೆ ಮೈಲ್ಡೇ ಕೊಡು ಎಂದು ಒಬ್ಬರ ಸಲಹೆ. ಕೂಲಿಂಗ್ ಇರೋದನ್ನೇ ಕೊಡು, ಪಾಪ ದೂರದಿಂದ ಬರ್ತಾರೆ ಎಂದು ಇನ್ನೊಬ್ಬರ ಶಿಫಾರಸು. ಮತ್ತೊಬ್ಬರು ತಾವೇ ನಿಂತು ಬಾಟಲಿಗೆ ಪೇಪರ್ ಸುತ್ತಿಸಿ, ಕಪ್ಪು ಕವರಿಗೆ ಹಾಕಿಸಿ ಕೊಟ್ಟರು. ಬಸ್ಸಿನಲ್ಲಿ ಬದುಕಿರುವ ಹೆಂಗಸಿಗೆ ಸೀಟು ಬಿಡದ ಗಂಡಸರು ಕಣ್ರೀ ಇವರು. ಸತ್ತ ಹೆಂಗಸಿನ ಬಿಯರಿಗೆ ಕ್ಯೂ ಬಿಟ್ಟರು. ನನಗೆ ನಗು ಬಂತು, ಖುಷಿಯೂ ಆಯಿತು.

ಈಗ ಮೊದಲಿಂದ ಹೇಳುತ್ತೇನೆ.

ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬ ಮಾಡುತ್ತೇವೆ. ತೀರಿಕೊಂಡವರ ಫೋಟೋ ಮುಂದೆ ಬಾಳೆ ಎಲೆ ಹಾಕಿ, ಹೊಸ ಬಟ್ಟೆ ಇಟ್ಟು, ಬದುಕಿದ್ದಾಗ ಅವರಿಗೆ ಏನು ಇಷ್ಟವೋ ಅದನ್ನೆಲ್ಲ ಬಡಿಸುತ್ತೇವೆ. ಧೂಪ ಹಾಕಿ ಬಾಗಿಲು ಮುಚ್ಚುತ್ತೇವೆ. ಅವರು ಬಂದು ಉಂಡು ಹೋಗುವ ತನಕ ಯಾರೂ ಬಾಗಿಲು ತೆಗೆಯುವಂತಿಲ್ಲ, ಹೊರಗೆ ಯಾರೂ ಮಾತಾಡುವಂತಿಲ್ಲ. ಇದಕ್ಕೆ ಎಡೆ ಇಡುವುದು ಅನ್ನುತ್ತಾರೆ. ಈ ವರ್ಷದ್ದು ನಮ್ಮತ್ತೆಯ ಮೊದಲ ಎಡೆ.

ಎಡೆ ಇಡಬೇಕಾದ್ದು ದೊಡ್ಡ ಮಗ, ಅಂದರೆ ನಮ್ಮ ಭಾವ. ಗೌಡಗೆರೆ ಹೋಬಳಿಯ ಹಳ್ಳಿಯಲ್ಲಿ ಕಡ್ಲೆಕಾಯಿ ಬೆಳೆಯುತ್ತಾರೆ. ಊರಿನ ಹಾಲಿನ ಡೈರಿಗೆ ಅಧ್ಯಕ್ಷರು. ಕೆಟ್ಟವರಲ್ಲ, ಆದರೆ ಊರವರು ಏನಂದಾರು ಅನ್ನುವುದು ಅವರಿಗೆ ಬಿ.ಪಿ. ಮಾತ್ರೆ ಇದ್ದ ಹಾಗೆ, ದಿನಾ ಬೆಳಗ್ಗೆ ಬೇಕು. ಹಬ್ಬಕ್ಕೆ ಒಂದು ವಾರ ಮುಂಚೆ ನಾವು ಮಧುಗಿರಿಯಿಂದ ಅಲ್ಲಿಗೆ ಹೋಗಿದ್ದೆವು, ಎಡೆಗೆ ಏನೇನು ಬೇಕು ಎಂದು ಮಾತಾಡಲು.

ಮಾವನವರ ಎಡೆ ಮಾತು ಐದು ನಿಮಿಷದಲ್ಲಿ ಮುಗಿಯಿತು. ಕುರಿ ತಲೆ ಮಾಂಸ. ಒಂದು ಕ್ವಾರ್ಟರ್ ಬ್ರಾಂದಿ. ಒಂದು ಕಟ್ಟು ಬೀಡಿ. ಕರ್ಜಿಕಾಯಿ, ಆದರೆ ಹೂರಣಕ್ಕೆ ಏಲಕ್ಕಿ ಹಾಕಬಾರದು, ಅವರಿಗೆ ಆಗುತ್ತಿರಲಿಲ್ಲ. ತೀರಿಕೊಂಡು ಹತ್ತು ವರ್ಷದ ಮೇಲಾಯಿತು, ಏಲಕ್ಕಿಯೂ ನೆನಪಿದೆ ಮಕ್ಕಳಿಗೆ.

ಅತ್ತೆಗೆ ಏನಿಡೋಣ ಅಂದೆ ನಾನು.

ಅಣ್ಣ ತಮ್ಮನ ಮುಖ ನೋಡಿದರು. ತಮ್ಮ ಅಣ್ಣನ ಮುಖ ನೋಡಿದರು. ಮುದ್ದೆ, ಬಾಡಿನ ಸಾರು ಎಂದರು ನನ್ನವರು. ಅದು ಮನೆಮಂದಿಯೆಲ್ಲ ಉಣ್ಣುವುದು, ಅವರಿಗಂತ ಇಷ್ಟವಾದದ್ದು ಏನು ಎಂದೆ. ಪಾಯಸ ಇರಬೇಕು ಎಂದರು ಭಾವ. ಪಾಯಸ ನಿಮಗಿಷ್ಟ ಎಂದರು ನಮ್ಮ ವಾರಗಿತ್ತಿ, ಅಂದರೆ ಭಾವನ ಹೆಂಡತಿ, ಒಳಗಿನಿಂದ. ಕೊನೆಗೆ ಭಾವ ದೊಡ್ಡ ತೀರ್ಪು ಕೊಟ್ಟರು. ಅವ್ವನಿಗೆ ಅಂಥಾ ಆಸೆಗಳೇನೂ ಇರಲಿಲ್ಲ, ನಮ್ಮ ಹೊಟ್ಟೆ ತುಂಬಿದರೆ ಅವಳಿಗೆ ತುಂಬುತ್ತಿತ್ತು.

ನನಗೆ ಮೈ ಉರಿದು ಹೋಯಿತು. ಎಷ್ಟು ಸಲೀಸು ನೋಡಿ ಈ ಮಾತು! ಅಮ್ಮನಿಗೆ ಏನೂ ಬೇಡ ಎಂದುಬಿಟ್ಟರೆ ಮಕ್ಕಳು ಏನೂ ತಂದುಕೊಡಬೇಕಾಗಿಲ್ಲ.

"ಅತ್ತೆಗೆ ಬಿಯರ್ ಅಂದ್ರೆ ಇಷ್ಟ" ಅಂದೆ.

ಒಳಗೆ ಪಾತ್ರೆ ಸದ್ದು ನಿಂತಿತು. ನನ್ನವರು ನಡುಮನೆಯ ಕಂಬವನ್ನು ನೋಡತೊಡಗಿದರು. (ಮೂವತ್ತು ವರ್ಷ ಕಂಡ ಕಂಬ. ಅದರಲ್ಲಿ ಅವತ್ತು ಏನೋ ಹೊಸದು ಕಂಡಿರಬೇಕು.) ಭಾವ ಸಿಟ್ಟಾಗಲಿಲ್ಲ. ಅದೇ ಕಷ್ಟವಾಗಿದ್ದು. ಅವರ ಮುಖ ಸಣ್ಣಗಾಯಿತು.

"ನಮ್ಮವ್ವ ಕುಡುಕಿ ಏನಮ್ಮಾ?"

ಮಾವನವರಿಗೆ ಬ್ರಾಂದಿ ಇಡುತ್ತೇವಲ್ಲ, ಅವರನ್ನು ಯಾರೂ ಕುಡುಕ ಅನ್ನಲ್ಲವಲ್ಲ ಎಂದೆ. ಅಪ್ಪನ ವಿಷಯ ಬೇರೆ ಎಂದರು. ಏನು ಬೇರೆ ಭಾವ ಎಂದು ಕೇಳಿದೆ. ಎಡೆ ಇಟ್ಟ ಮೇಲೆ ಬೀದಿಯವರೆಲ್ಲ ಊಟಕ್ಕೆ ಬರುತ್ತಾರೆ, ಅವರ ಕಣ್ಣಿಗೆ ಅವ್ವನ ಫೋಟೋ ಮುಂದೆ ಬಿಯರ್ ಬಿದ್ದರೆ ನಾನು ಡೈರಿ ಮುಂದೆ ತಲೆ ಎತ್ತಿಕೊಂಡು ಹೋಗೋದು ಹೇಗೆ ಎಂದರು. ಬಿಯರ್ ಈ ಮನೆ ಹೊಸಿಲು ದಾಟಿದರೆ ತಾನು ಎಡೆಯನ್ನೇ ಇಡುವುದಿಲ್ಲ ಎಂದೂ ಸೇರಿಸಿದರು. ಅಲ್ಲಿಗೆ ಮಾತು ಕಟ್.

ದೊಡ್ಡ ಮಗ ಎಡೆ ಇಡದಿದ್ದರೆ ಅತ್ತೆಗೆ ಊಟವೇ ಇಲ್ಲ. ಬಿಯರ್ ಇಲ್ಲದೆ ಇಟ್ಟರೆ ಆ ಎಲೆಯ ಮೇಲೆ ಅವರದ್ದು ಅಂತ ಏನೂ ಇಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ನಾನು ಹಠ ಹಿಡಿದೆ. ಯಾಕೆ ಅಂತ ಗೊತ್ತಾಗಬೇಕಾದರೆ ಅತ್ತೆ ಬಿಯರ್ ಕಲಿತ ಕತೆ ಕೇಳಬೇಕು ನೀವು.

ಕೆಲವು ವರ್ಷದ ಹಿಂದೆ ಅತ್ತೆ ಹೊಟ್ಟೆನೋವು ಅಂತ ನಮ್ಮ ಮಧುಗಿರಿ ಮನೆಗೆ ಬಂದರು. ಸ್ಕ್ಯಾನ್ ಮಾಡಿಸಿದರೆ ಕಿಡ್ನಿಯಲ್ಲಿ ಸ್ಟೋನು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಚೆನ್ನಾಗಿ ನೀರು ಕುಡಿಯಿರಿ ಎಂದರು. ಬಿಯರ್ ಕುಡಿಸಿ ಎಂದದ್ದು ಪಕ್ಕದ ಮನೆಯವರು, ಎದುರು ಮನೆಯವರು, ಕೊರಟಗೆರೆ ಬಸ್ಸಿನ ಕಂಡಕ್ಟರು, ನಮ್ಮ ಸ್ಕೂಲಿನ ಪಿ.ಟಿ. ಮೇಷ್ಟ್ರು. (ನಮ್ಮ ತಾಲ್ಲೂಕಿನಲ್ಲಿ ಕಿಡ್ನಿ ಸ್ಟೋನಿಗೆ ಬಿಯರ್ ಹೇಳದವರು ಡಾಕ್ಟರೊಬ್ಬರೇ.) ಅದರಿಂದ ಏನೂ ಆಗದು, ನೀರೇ ಸಾಕು ಎಂದು ನಾನು ಬಾಯಿ ಬಡಿದುಕೊಂಡೆ. ಮನೆಯಲ್ಲಿ ವಿಜ್ಞಾನದ ಟೀಚರ್ ಮಾತು ಯಾರು ಕೇಳುತ್ತಾರೆ? ನನ್ನವರು ತಂದೇಬಿಟ್ಟರು.

ಅತ್ತೆ ಮೊದಲ ಲೋಟವನ್ನು ಮೂಗು ಹಿಡಿದುಕೊಂಡು ಕುಡಿದರು. ಮುಖವೆಲ್ಲ ಹಿಂಡಿ ಹೋಯಿತು. ಇದಕ್ಕಿಂತ ಬೇವಿನ ತೊಗಟೆ ಕಷಾಯವೇ ವಾಸಿ ಎಂದು ಒಂದು ಉಂಡೆ ಬೆಲ್ಲ ಬಾಯಿಗೆ ಹಾಕಿಕೊಂಡರು. ಅಷ್ಟು ಕೆಟ್ಟದಾಗಿರುತ್ತದಾ ಎಂದು ನಾನೂ ಒಂದು ಗುಟುಕು ಹಾಕಿದೆ. ಅಯ್ಯೋ ರಾಮ! ಹಾಗಲಕಾಯಿ ಬೇಯಿಸಿದ ನೀರಿಗೆ ಸೋಡಾ ಬೆರೆಸಿದ ಹಾಗಿತ್ತು. ಸಿಂಕಿಗೆ ಓಡಿದೆ. ಜನ ಇದನ್ನು ದುಡ್ಡು ಕೊಟ್ಟು ಯಾಕೆ ಕುಡಿಯುತ್ತಾರೆ ಎಂಬ ಪ್ರಶ್ನೆ ನನ್ನಲ್ಲಿ ಅವತ್ತು ಹುಟ್ಟಿದ್ದು ಇವತ್ತಿಗೂ ಹಾಗೇ ಇದೆ.

ಮಾತ್ರೆಗೋ ನೀರಿಗೋ ಕಲ್ಲು ಹೋಯಿತು. ನಾವೆಲ್ಲ ಅದನ್ನು ಮರೆತೂ ಬಿಟ್ಟೆವು. ಆಮೇಲೆ ಒಂದು ಭಾನುವಾರ ಮಧ್ಯಾಹ್ನ ಅತ್ತೆ ನನ್ನ ಪಕ್ಕ ಬಂದು ಕೂತು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಶುರುಮಾಡಿದರು.

"ಕಲ್ಲು ತಿರ್ಗ ಬಂದಂಗೈತೆ ಕಣಮ್ಮ."

ಎಲ್ಲಿ ನೋವು ಎಂದು ಗಾಬರಿಯಿಂದ ಕೇಳಿದೆ. ಅವರು ಸ್ವಲ್ಪ ಯೋಚಿಸಿ ಬಲಕ್ಕೆ ಕೈಯಿಟ್ಟರು. ಆಮೇಲೆ ಇನ್ನಷ್ಟು ಯೋಚಿಸಿ ಎಡಕ್ಕೆ ಇಟ್ಟರು. ಮಾರನೇ ದಿನವೇ ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದೆ. ಏನೂ ಇಲ್ಲ, ಎಲ್ಲ ಕ್ಲಿಯರ್ ಎಂದರು ಡಾಕ್ಟರು. ಅತ್ತೆಯ ಮುಖ ಬಾಡಿತು. ಕಾಯಿಲೆ ಇಲ್ಲ ಅಂದದ್ದಕ್ಕೆ ಬೇಜಾರಾದ ಪೇಶಂಟನ್ನು ಆ ಡಾಕ್ಟರು ಅವತ್ತೇ ಮೊದಲು ನೋಡಿದ್ದಿರಬೇಕು. ಆಟೋದಲ್ಲಿ ಬರುವಾಗ ಅತ್ತೆ ಹೊರಗೆ ನೋಡಿಕೊಂಡು, ಮಿಷನ್ನಿಗೆ ಏನು ಕಾಣುತ್ತೆ ಬುಡು ಎಂದು ಗೊಣಗಿದರು.

ಆಗ ನನಗೆ ತಲೆಗೆ ಹೋಯಿತು. ಆಟೋದಲ್ಲೇ ಬಿದ್ದು ಬಿದ್ದು ನಕ್ಕೆ. ಅತ್ತೆಯೂ ನಕ್ಕರು, ಹಲ್ಲು ಕಾಣದ ಹಾಗೆ, ಸೆರಗು ಅಡ್ಡ ಇಟ್ಟುಕೊಂಡು.

ಅಲ್ಲಿಂದ ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ ಕಲ್ಲು ಬರತೊಡಗಿತು. ಕಲ್ಲು ಬಂದಿದೆ ಎಂದು ನಾನು ಹೇಳುವುದು, ನನ್ನವರು ಗಂಭೀರವಾಗಿ ಹೋಗಿ ಒಂದು ಬಾಟಲಿ ತರುವುದು. ಇಷ್ಟು ಔಷಧ ಕುಡಿದರೂ ಅವ್ವನ ಕಲ್ಲು ಕರಗುತ್ತಿಲ್ಲವಲ್ಲ ಎಂದು ಅವರಿಗೆ ನಿಜವಾಗಲೂ ಚಿಂತೆ. ಕರಗಿಸುವ ಗುಣ ಅದಕ್ಕಿದ್ದಿದ್ದರೆ ಅಷ್ಟು ಹೊತ್ತಿಗೆ ಮಧುಗಿರಿ ಬೆಟ್ಟವೇ ಕರಗಬೇಕಿತ್ತು. ನಾನು ಬಾಯಿ ಬಿಡಲಿಲ್ಲ.

ಭಾನುವಾರ ಮಧ್ಯಾಹ್ನ ನನ್ನವರು ಊಟ ಮಾಡಿ ಮಲಗಿದ ಮೇಲೆ ನಮ್ಮ ಪಾರ್ಟಿ. ಹಿತ್ತಲ ಮೆಟ್ಟಿಲ ಮೇಲೆ ಅತ್ತೆ ಕೂರುತ್ತಿದ್ದರು. ಅವರ ಬೆರಳ ಗಂಟುಗಳೆಲ್ಲ ಊದಿಕೊಂಡಿದ್ದವು, ಉಪ್ಪಿನಕಾಯಿ ಜಾಡಿ ಮುಚ್ಚಳವನ್ನೂ ತಿರುಗಿಸಲು ಆಗುತ್ತಿರಲಿಲ್ಲ. ಬಾಟಲಿ ನಾನೇ ತೆಗೆದು ಸ್ಟೀಲ್ ಲೋಟಕ್ಕೆ ಬಗ್ಗಿಸುತ್ತಿದ್ದೆ. ನೊರೆ ಇಳಿಯುವ ತನಕ ಅವರು ಅದನ್ನೇ ನೋಡುತ್ತಿದ್ದರು. ಒಂದು ಗುಟುಕು, ಒಂದು ಬೇಯಿಸಿದ ಕಡ್ಲೆಕಾಯಿ. ಅವಸರವಿಲ್ಲ. ಒಂದೂವರೆ ಲೋಟಕ್ಕೆ ಸಾಕು ಅನ್ನುತ್ತಿದ್ದರು. ಮಿಕ್ಕಿದ್ದು ದಾಸವಾಳದ ಗಿಡಕ್ಕೆ.

ಒಮ್ಮೆ ತಡೆಯಲಾರದೆ ಕೇಳಿದೆ, ಮೊದಲು ಕಷಾಯ ಅಂತಿದ್ದಿರಿ, ಈಗ ಇದರಲ್ಲಿ ಅಂಥಾದ್ದೇನು ಕಂಡಿರಿ ಅಂತ. ಅವರು ಲೋಟವನ್ನು ಮೆಟ್ಟಿಲ ಮೇಲಿಟ್ಟರು.

"ಇದ್ನ ಯಾರೂ ಕೇಳಲ್ಲ ಕಣಮ್ಮ. ಪಾಯ್ಸ ಮಾಡಿದ್ರೆ ಹುಡುಗ್ರು ಇನ್ನೊಂದಿಷ್ಟು ಅಂತವೆ. ಬಾಡು ಬೇಯ್ಸಿದ್ರೆ ಅವ್ರಿಗೆ ತುಂಡು ಸಾಲ್ದು. ನನ್ ಪಾಲು ಅಂತ ಮಿಕ್ಕಿದ್ದೇ ಇಲ್ಲ. ನಿಂಗೆ ಇದು ಹಿಡಿಸ್ದೆ ಇದ್ದಿದ್ದು ಒಳ್ಳೇದೇ ಆಯ್ತು. ಇದು ಪೂರ್ತಿ ನಂಗೇ."

ನಾನು ವಾದಕ್ಕೆ ನಿಂತರೆ ಹೆಡ್‌ಮೇಷ್ಟ್ರೂ ಹೆದರುತ್ತಾರೆ. ಅವತ್ತು ಮಾತ್ರ ಕಡ್ಲೆಕಾಯಿ ಸುಲಿದು ಸುಲಿದು ಅವರ ಕೈಗೆ ಹಾಕುತ್ತಾ ಕೂತೆ.

ಹೋದ ಮಾಘದಲ್ಲಿ ಅತ್ತೆ ಮಲಗಿದಲ್ಲೇ ಹೋಗಿಬಿಟ್ಟರು. ಆ ಹೆಂಗಸಿನ ಎಲೆಯ ಮುಂದೆ ಬಿಯರ್ ಇಲ್ಲದೆ ಬರೀ ಪಾಯಸ ಇಟ್ಟು ಕಳಿಸಲು ನಾನು ಒಪ್ಪಬೇಕಿತ್ತೆ?

ಹಬ್ಬದ ದಿನ ಬೆಳಗ್ಗೆ ಹೊರಟಾಗ, ಶಿರಾದಲ್ಲಿ ಗಾಡಿ ನಿಲ್ಲಿಸಿ ನೀವೇ ತನ್ನಿ ಎಂದು ನನ್ನವರಿಗೆ ಹೇಳಿದೆ. ಅವರು ಆಗಲ್ಲ ಎಂದರು. ತಂದದ್ದು ನಾನಲ್ಲ ಎಂದು ಅಣ್ಣನ ಮುಂದೆ ಆಣೆ ಮಾಡಬೇಕಾದೀತು, ಆದ್ದರಿಂದ ನಾನು ಮುಟ್ಟುವ ಹಾಗಿಲ್ಲ ಎಂದು ವಕೀಲರ ಥರ ವಿವರಿಸಿದರು. ಹೀಗಾಗಿ ನಾನು ಆ ಮೆಟ್ಟಿಲು ಹತ್ತಿದ್ದು.

ಬಾಟಲಿಯನ್ನು ಬ್ಯಾಗಿನಲ್ಲಿಟ್ಟು ತೊಡೆಯ ಮೇಲೆ ಹಿಡಿದುಕೊಂಡೆ. ಶಿರಾದಿಂದ ಊರಿನ ತನಕ ರಸ್ತೆ ಹೇಗಿದೆ ಅಂತ ಹೇಳಬೇಕಿಲ್ಲ. ಒಂದೊಂದು ಗುಂಡಿಗೂ ನಾನು ಎಗರಿದೆ, ಬಾಟಲಿಯೂ ಎಗರಿತು. ಮೇಲೆ ರಣಬಿಸಿಲು.

ಮನೆ ಮುಂದೆ ಇಳಿದರೆ ಜಗಲಿಯಲ್ಲಿ ಚಿಕ್ಕಮ್ಮ ಕೂತಿದ್ದರು. ಅತ್ತೆಯ ಒಡಹುಟ್ಟಿದ ತಂಗಿ. ಪಾವಗಡದ ಕಡೆ ಬಲಸಮುದ್ರಕ್ಕೆ ಕೊಟ್ಟದ್ದು, ಬಾಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಅಕ್ಕನ ಮೊದಲ ಎಡೆ ಎಂದು ಹಿಂದಿನ ದಿನವೇ ಬಂದಿದ್ದರಂತೆ. ನಾನು ಮುಚ್ಚುಮರೆ ಮಾಡಲಿಲ್ಲ. ಬ್ಯಾಗಿನಿಂದ ಬಾಟಲಿ ತೆಗೆದು, ಹೊಸಿಲಿನ ಹೊರಗೆ ಜಗಲಿಯ ಮೇಲೇ ಇಟ್ಟೆ. ಭಾವ ಹೊರಗೆ ಬಂದರು, ನೋಡಿದರು, ಹೇಳಿದ್ದೆನಲ್ಲಮ್ಮಾ ಎಂದಷ್ಟೇ ಅಂದು ಹೆಗಲ ಮೇಲಿನ ಹೊಸ ಪಂಚೆ ತೆಗೆದು ಗೂಟಕ್ಕೆ ಹಾಕಿದರು. ಎಡೆ ಇಡಲ್ಲ ಎಂದು ಅರ್ಥ. ಹಠ ಮಾಡಿ ಅತ್ತೆಯ ಊಟಕ್ಕೇ ಕಲ್ಲು ಹಾಕಿಬಿಟ್ಟೆನಾ ಎಂದು ಹೆದರಿದೆ.

ಚಿಕ್ಕಮ್ಮ ಬಾಟಲಿ ಕೈಗೆತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ಇದು ಅಕ್ಕನಿಗಾ ಎಂದು ನನ್ನನ್ನು ಕೇಳಿದರು. ಹೂಂ, ಇದೊಂದೇ ಅವರು ಬಾಯಿ ಬಿಟ್ಟು ಕೇಳಿದ್ದು ಎಂದೆ. ಚಿಕ್ಕಮ್ಮ ಭಾವನ ಕಡೆ ತಿರುಗಿದರು.

"ನಿಮ್ಮವ್ವ ಬಂದು ಎಲೆ ಮುಂದೆ ಕುಂತ್ಕಂಡು, ಇದ್ರಾಗೆ ನಂದು ಯಾವ್ದೈತೆ ಅಂದ್ರೆ, ಏಂ ಚೆಪ್ತಾವು ನಾಯ್ನಾ?"

ಏನು ಹೇಳುತ್ತೀಯಪ್ಪಾ ಎಂದು ಕೇಳಿದ್ದು. ಸ್ವಲ್ಪ ಹೊತ್ತಾದ ಮೇಲೆ ಭಾವ ಗೂಟದಿಂದ ಪಂಚೆ ತೆಗೆದುಕೊಂಡರು. ಇಡೋಣ, ಆದರೆ ಯಾರ ಕಣ್ಣಿಗೂ ಬೀಳಬಾರದು ಎಂದರು. ಪೇಪರ್ ಸುತ್ತಿದ ಹಾಗೇ ಬಾಟಲಿಯನ್ನು ಒಳಗೆ ತೆಗೆದುಕೊಂಡು ಹೋಗಿ, ಎಡೆಯ ಹೊಸ ಸೀರೆಯ ಹಿಂದೆ ಅಡಗಿಸಿಟ್ಟರು. ನನಗೆ ಕುಣಿಯುವಷ್ಟು ಖುಷಿ. ಗೆದ್ದೆ ಅಂದುಕೊಂಡೆ.

ಧೂಪ ಹಾಕಿದರು. ಬಾಗಿಲು ಮುಚ್ಚಿದರು. ನಡುಮನೆಯಲ್ಲಿ ನಾವೆಲ್ಲ ಉಸಿರು ಬಿಗಿಹಿಡಿದು ನಿಂತೆವು.

ಆಗ ನನಗೆ ನೆನಪಾಯಿತು. ಬಾಟಲಿ ಮುಚ್ಚಳ ತೆಗೆದಿಲ್ಲ.

ಮಾವನವರ ಬ್ರಾಂದಿಯನ್ನು ಭಾವ ಲೋಟಕ್ಕೆ ಬಗ್ಗಿಸಿ, ನೀರು ಬೆರೆಸಿ ಇಟ್ಟಿದ್ದರು. ಬೀಡಿಯನ್ನು ಹಚ್ಚಿಯೂ ಇಟ್ಟಿದ್ದರು. ಅಪ್ಪನಿಗೆ ತೊಂದರೆ ಆಗಬಾರದಲ್ಲ! ಅತ್ತೆಯ ಬಾಟಲಿ ಮಾತ್ರ ಪೇಪರಿನೊಳಗೆ, ಸೀರೆ ಹಿಂದೆ, ಬಿಗಿಯಾದ ಮುಚ್ಚಳದೊಂದಿಗೆ ಕೂತಿತ್ತು. ಆ ಊದಿದ ಬೆರಳುಗಳಲ್ಲಿ ಅವರು ಹೇಗೆ ತೆಗೆಯಬೇಕು?

ನೋಡಿ, ನಾನು ದೆವ್ವ ಗಿವ್ವ ನಂಬುವವಳಲ್ಲ. ಮಕ್ಕಳಿಗೆ ಮೂಢನಂಬಿಕೆ ಬೇಡ ಎಂದು ಭಾಷಣ ಬಿಗಿಯುವವಳು. ಸತ್ತವರು ಬಂದು ಉಣ್ಣುವುದಿಲ್ಲ ಎಂದು ನನಗೆ ಗೊತ್ತು. ಆದರೂ ಆ ನಿಮಿಷದಲ್ಲಿ ನನಗೆ ಕಂಡದ್ದು ಅತ್ತೆಯೇ. ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಎಲ್ಲಿದ್ದೀಯ ಕಣಮ್ಮ ಎಂದು ನನ್ನನ್ನೇ ಹುಡುಕುತ್ತಿದ್ದರು. ಪಕ್ಕದಲ್ಲಿ ಮಾವನವರು ಆರಾಮಾಗಿ ಬೀಡಿ ಸೇದುತ್ತಿದ್ದರು.

ತಡೆಯಲಾಗಲಿಲ್ಲ. ಅಡುಗೆಮನೆಗೆ ಓಡಿ ಸಾರಿನ ಸೌಟು ತಂದು, ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದೆ.

ಹಿಂದೆ ಯಾರೋ ಅಯ್ಯಯ್ಯೋ ಎಂದರು. ಎಡೆಗೆ ಮುಚ್ಚಿದ ಬಾಗಿಲನ್ನು ಮಧ್ಯದಲ್ಲಿ ತೆಗೆದವರು ಆ ಮನೆತನದಲ್ಲೇ ಇಲ್ಲವಂತೆ. ನಾನು ತಿರುಗಿ ನೋಡಲಿಲ್ಲ. ಪೇಪರ್ ಕಿತ್ತೆ. ಸೌಟಿನ ಹಿಡಿಯನ್ನು ಮುಚ್ಚಳದ ಅಂಚಿಗೆ ಕೊಟ್ಟು ಮೀಟಿದೆ. (ಸನ್ನೆಕೋಲಿನ ತತ್ವ. ಪ್ರತಿ ವರ್ಷ ಪಾಠ ಮಾಡುತ್ತೇನೆ.)

ಬಿಸಿಯಾದ ದ್ರವದಲ್ಲಿ ಅನಿಲ ನಿಲ್ಲುವುದಿಲ್ಲ ಅನ್ನುವುದೂ ನಾನೇ ಮಾಡುವ ಪಾಠ. ಅದೊಂದು ಮರೆತಿದ್ದೆ. ಬಿಸಿಲು, ರಸ್ತೆಯ ಗುಂಡಿಗಳು, ಧೂಪದ ಕಾವು, ಎಲ್ಲ ಸೇರಿ ಬಾಟಲಿ ಢಂ ಎಂದಿತು. ನೊರೆ ಚಾವಣಿ ಕಡೆಗೆ ಎದ್ದು, ಸೀರೆ ಮೇಲೆ, ಮುದ್ದೆ ಮೇಲೆ, ನನ್ನ ತಲೆ ಮೇಲೆ ಬಿತ್ತು. ಹೆಚ್ಚು ಪಾಲು ಬಿದ್ದದ್ದು ಮಾವನವರ ಫೋಟೋದ ಮೇಲೆ. ಅವರ ದೊಡ್ಡ ಮೀಸೆಯ ಮೇಲಿಂದ ನೊರೆ ನಿಧಾನಕ್ಕೆ ಇಳಿಯಿತು. ಬೀಡಿ ಆರಿಹೋಯಿತು. ಅತ್ತೆಯ ಫೋಟೋಗೆ ಒಂದು ಹನಿಯೂ ತಾಗಿರಲಿಲ್ಲ.

ಬಾಗಿಲಲ್ಲಿ ಎಲ್ಲರ ತಲೆಗಳು. ಇವತ್ತು ನನ್ನ ಗ್ರಹಚಾರ ನೆಟ್ಟಗಿಲ್ಲ ಎಂದು ಕಣ್ಣು ಮುಚ್ಚಿದೆ.

"ಬಂದ್ಲು ನೋಡು ಅಕ್ಕ" ಎಂದರು ಚಿಕ್ಕಮ್ಮ.

ಮೊದಲು ನಕ್ಕದ್ದು ಯಾರು ಗೊತ್ತೇ? ನನ್ನವರು! ಅಣ್ಣನ ಎದುರು ಗಟ್ಟಿಯಾಗಿ ಕೆಮ್ಮದ ಮನುಷ್ಯ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತು ನಕ್ಕರು. ಆಮೇಲೆ ವಾರಗಿತ್ತಿ, ಆಮೇಲೆ ಚಿಕ್ಕಮ್ಮ. ಭಾವ ನಗಲಿಲ್ಲ. ಪಂಚೆಯ ತುದಿಯಿಂದ ಅಪ್ಪನ ಫೋಟೋ ಒರೆಸಿದರು. ನಾನು ಬಾಟಲಿಯಲ್ಲಿ ಉಳಿದದ್ದನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿ, ಸೀರೆಯ ಹಿಂದೆ ಅಲ್ಲ, ಅತ್ತೆಯ ಎಲೆಯ ಪಕ್ಕದಲ್ಲೇ ಇಟ್ಟೆ. ಭಾವ ಆ ಲೋಟವನ್ನೇ ನೋಡುತ್ತಾ ನಿಂತರು. ಎತ್ತಿ ಬಿಸಾಡುತ್ತಾರೆ ಅಂದುಕೊಂಡೆ.

"ಇದ್ಕೆ ನೆಂಚ್ಕಳಾಕೆ ಏನ್ ತಿಂತಿದ್ಲಮ್ಮಾ ಅವ್ವ?"

ಬೇಯಿಸಿದ ಕಡ್ಲೆಕಾಯಿ, ಉಪ್ಪು ಸ್ವಲ್ಪ ಮುಂದಾಗಿ ಎಂದೆ. ಭಾವ ಚಪ್ಪಲಿ ಮೆಟ್ಟಿಕೊಂಡು ಮನೆ ಹಿಂದಿನ ಹೊಲಕ್ಕೆ ಹೋದರು. ಕಾಯಿ ಇನ್ನೂ ಪೂರ್ತಿ ಬಲಿತಿರಲಿಲ್ಲ. ಒಂದು ತೆಕ್ಕೆ ಗಿಡವನ್ನು ಮಣ್ಣಿನ ಸಮೇತ ಕಿತ್ತು ತಂದು, ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ತಾವೇ ಕಾಯಿ ಬಿಡಿಸಿದರು. ತಾವೇ ಒಲೆ ಮೇಲಿಟ್ಟರು. ಆ ಮನೆಯಲ್ಲಿ ಗಂಡಸು ಒಲೆ ಮುಂದೆ ನಿಂತಿದ್ದನ್ನು ನಾನು ಅವತ್ತೇ ಮೊದಲು ಕಂಡದ್ದು. ಉಪ್ಪು ಎಷ್ಟು ಎಂದು ಎರಡೆರಡು ಸಲ ನನ್ನನ್ನು ಕೇಳಿದರು. ಬೆಂದದ್ದನ್ನು ಬಿಸಿಬಿಸಿಯಾಗಿ ಎಲೆಯ ತುದಿಗೆ ಬಡಿಸಿ, ಮತ್ತೆ ಧೂಪ ಹಾಕಿ, ಎರಡನೇ ಸಲ ಬಾಗಿಲು ಮುಚ್ಚಿದರು. ಅಷ್ಟು ಹೊತ್ತಿಗೆ ಬೀದಿಯವರು ಊಟಕ್ಕೆ ಬಂದು ಜಗಲಿ ತುಂಬಿತ್ತು. ಯಾಕೆ ತಡ ಎಂದು ಯಾರೋ ಕೇಳಿದರು. ಅವ್ವಂದು ಇನ್ನೂ ಊಟ ಆಗಿಲ್ಲ ಎಂದರು ಭಾವ.

ಬಾಗಿಲು ತೆಗೆದ ಮೇಲೆ ಬೀದಿಯವರೂ ನೋಡಿದರು, ಎಲೆ ಪಕ್ಕದಲ್ಲಿ ಲೋಟ, ಹಿಂದೆ ಖಾಲಿ ಬಾಟಲಿ. ಒಂದಿಬ್ಬರು ಮುಖ ಮುಖ ನೋಡಿಕೊಂಡರು. ನಮ್ಮವ್ವಂಗೆ ಇದಂದ್ರೆ ಇಷ್ಟ ಎಂದರು ಭಾವ, ಡೈರಿ ಮೀಟಿಂಗಿನ ದನಿಯಲ್ಲಿ. ಮುಗಿಯಿತು. ಆಕಾಶ ಕಳಚಿ ಬೀಳಲಿಲ್ಲ. ಊಟಕ್ಕೆ ಕೂತ ಒಬ್ಬ ಅಜ್ಜಿ ಮಾತ್ರ, ನಿಮ್ಮತ್ತೆ ಅದೃಷ್ಟವಂತಳು ಕಣಮ್ಮ ಎಂದು ನನ್ನ ಕಿವಿಯಲ್ಲಿ ಹೇಳಿದರು.

ಎಡೆಗೆ ಇಟ್ಟದ್ದನ್ನು ಚೆಲ್ಲುವಂತಿಲ್ಲ, ಮನೆಯವರು ಹಂಚಿಕೊಳ್ಳಬೇಕು. ಲೋಟ ಕೈಯಿಂದ ಕೈಗೆ ಹೋಯಿತು. ಚಿಕ್ಕಮ್ಮ ಒಂದು ಗುಟುಕು ಕುಡಿದು, ಇನ್ನೊಂದು ಕೊಂಚೆಂ ಎಂದು ಮತ್ತೆ ಕೈ ಚಾಚಿದರು. ಭಾವ ಬಾಯಿಗೆ ಹಾಕಿಕೊಂಡು ಮುಖ ಕಿವುಚಿ, ಇದನ್ನ ಹೆಂಗೆ ಕುಡೀತಿದ್ಲಪ್ಪಾ ನಮ್ಮವ್ವ ಎಂದು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ಕೊನೆಯ ಗುಟುಕು ನನ್ನದು. ಬೆಚ್ಚಗಿನ, ನೊರೆ ಸತ್ತ, ಧೂಪದ ವಾಸನೆಯ ಬಿಯರ್. ಈ ಸಲವಾದರೂ ರುಚಿ ಹತ್ತಿತಾ ಅಂತ ಕೇಳುತ್ತೀರಾ? ಇಲ್ಲ. ಅದೇ ಹಾಗಲಕಾಯಿ. ಆದರೆ ಸಿಂಕಿಗೆ ಓಡಲಿಲ್ಲ, ಪೂರ್ತಿ ನುಂಗಿದೆ.

ಸಂಜೆ ವಾಪಸ್ ಹೊರಟೆವು. ನನ್ನವರು ದಾರಿಯುದ್ದಕ್ಕೂ ಏನೋ ಯೋಚನೆಯಲ್ಲಿದ್ದರು. ಮಧುಗಿರಿ ಹತ್ತಿರ ಬಂದಾಗ ಗಾಡಿ ಸ್ಲೋ ಮಾಡಿ, ಹೆಲ್ಮೆಟ್ಟಿನೊಳಗಿಂದಲೇ ಕೇಳಿದರು.

"ಅಲ್ಲ ಕಣೇ, ನಿನ್ನ ಎಡೆಗೆ ಏನಿಡಬೇಕು?"

ಮದುವೆಯಾಗಿ ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ನಾನು ಉಬ್ಬಿಹೋದೆ. ಒಂದು ಸೆಕೆಂಡೂ ಯೋಚಿಸದೆ ಹೇಳಿದೆ. ದೋಸೆ. ನಾನು ಹುಯ್ದದ್ದಲ್ಲ, ಬೇರೆ ಯಾರಾದರೂ ಹುಯ್ದದ್ದು. ಕಾವಲಿಯಿಂದ ಇಳಿದ ಹಾಗೇ ನಾನು ಕೂತಲ್ಲಿಗೆ ಬರಬೇಕು. ಸಾಕು ಅನ್ನುವ ತನಕ ಬರುತ್ತಲೇ ಇರಬೇಕು. ಮಧ್ಯದಲ್ಲಿ ಯಾರೂ ಚಟ್ನಿ ಎಲ್ಲಿ ಅಂತ ನನ್ನನ್ನು ಕೇಳಬಾರದು.

ಅವರು ಬಹಳ ಶ್ರದ್ಧೆಯಿಂದ ತಲೆಯಾಡಿಸಿದರು. ಆಯ್ತು, ಖಂಡಿತ ಇಡ್ತೀನಿ ಎಂದು ಮಾತು ಕೊಟ್ಟು, ನೆಮ್ಮದಿಯಿಂದ ಗಾಡಿ ಸ್ಪೀಡ್ ಮಾಡಿದರು.

ಅಲ್ರೀ, ಒಂದು ಬಿಸಿ ದೋಸೆ ತಿನ್ನೋಕೆ ನಾನು ಸಾಯಲೇಬೇಕಾ?